ಡಯಲ್‌ಗೆ ನಂಬರಿಲ್ಲ

ಹಳೆಯ ವಾಚು ಕೈಗೆ ಬಂದರೆ ಬಲ್ಲವರು ಮೊದಲು ಅದರ ಮುಖ ನೋಡುವುದಿಲ್ಲ, ಬೆನ್ನು ಬಿಚ್ಚಿಸುತ್ತಾರೆ. ಒಮೇಗಾ ಕಂಪನಿಯ ಸ್ಪೀಡ್‌ಮಾಸ್ಟರ್ ಆದರೆ ಹಿಂದಿನ ಮುಚ್ಚಳದ ಒಳಮೈಯಲ್ಲಿ 105.012-66 ಎಂಬಂಥ ಅಂಕಿಗಳಿರುತ್ತವೆ. ಮೊದಲ ಆರು ಅಂಕಿ ಮಾದರಿಯದು, ಕೊನೆಯ ಎರಡು ಇಸವಿಯದು. ಒಳಗಿನ ಮೆಷಿನ್ನಿನ ಮೇಲೆ ಅದರದೇ ಬೇರೆ ಕ್ರಮಸಂಖ್ಯೆ. 1966ರ ಮುಚ್ಚಳದಡಿ ಕೂತಿರುವ ಮೆಷಿನ್ನಿನ ಸಂಖ್ಯೆ ಎಪ್ಪತ್ತರ ದಶಕದ್ದಾಗಿದ್ದರೆ, ಯಾವಾಗಲೋ ಒಂದು ಕಡೆಯ ಹೊಟ್ಟೆ ಇನ್ನೊಂದು ಕಡೆಯ ಮೈಗೆ ಸೇರಿದೆ ಎಂದು ಅರ್ಥ. ವಾಚಿನ ಜಾತಕ ಓದುವ ಈ ಕೆಲಸವನ್ನು ಹವ್ಯಾಸಿಗಳು ನಲವತ್ತು ಐವತ್ತು ವರ್ಷಗಳಲ್ಲಿ ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿದ್ದಾರೆ. ಆ ವಿದ್ಯೆಯ ಮೇಲೆ ನನಗೆ ನಿಜವಾದ ಗೌರವವಿದೆ. ಅದನ್ನು ಬಳಸುತ್ತಿರುವ ರೀತಿಯ ಬಗ್ಗೆ ಮಾತ್ರ ತಕರಾರಿದೆ.

ಮೊದಲು ಆ ವಿದ್ಯೆಯ ಸೊಗಸು ನೋಡೋಣ. ಸ್ಪೀಡ್‌ಮಾಸ್ಟರ್ ಹುಟ್ಟಿದ್ದು 1957ರಲ್ಲಿ. 1965ರಲ್ಲಿ ನಾಸಾ ಅದನ್ನು ಗಗನಯಾತ್ರಿಗಳಿಗೆ ಒಪ್ಪಿತು. 1968ರ ತನಕ ಅದರೊಳಗೆ 321 ಎಂಬ ತಾಮ್ರವರ್ಣದ ಮೆಷಿನ್, ಆಮೇಲೆ 861. ಹಳೆಯ ಡಯಲ್‌ಗಳಲ್ಲಿ ಒಮೇಗಾದ ಗುರುತು ಲೋಹದಲ್ಲಿ ಮಾಡಿ ಅಂಟಿಸಿದ್ದು, ನಂತರದವುಗಳಲ್ಲಿ ಬಿಳಿ ಬಣ್ಣದಲ್ಲಿ ಅಚ್ಚು ಹಾಕಿದ್ದು. ಹಾಗಾಗಿ 321ರ ವಾಚಿನಲ್ಲಿ ಅಚ್ಚಿನ ಗುರುತು ಕಂಡರೆ ಡಯಲ್ ಬದಲಾಗಿದೆ. ಸುತ್ತಲಿನ ಕಪ್ಪು ಬಳೆಯ ಮೇಲಿನ ಚುಕ್ಕೆ ಕೂಡ ಸಾಕ್ಷಿ ಹೇಳುತ್ತದೆ: ಸುಮಾರು 1970ರ ತನಕ ಅದು 90 ಎಂಬ ಅಂಕಿಯ ನೆತ್ತಿಯ ಮೇಲಿತ್ತು, ಆಮೇಲೆ ಪಕ್ಕಕ್ಕೆ ಸರಿಯಿತು. ಸಾಸಿವೆಗಿಂತ ಚಿಕ್ಕ ಆ ಚುಕ್ಕೆಯ ಜಾಗಕ್ಕೆ ಈಗ ದೊಡ್ಡ ಬೆಲೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದ ಪರೀಕ್ಷೆ ಕತ್ತಲೆಯದು. ಅರವತ್ತರ ದಶಕದ ಡಯಲ್‌ಗಳ ಬುಡದಲ್ಲಿ ‘ಸ್ವಿಸ್ ಮೇಡ್’ ಎಂಬುದರ ಎರಡೂ ಬದಿಗೆ ಪುಟ್ಟ ‘ಟಿ’ ಅಕ್ಷರವಿರುತ್ತದೆ. ಹೊಳೆಯುವ ಪುಡಿಯಲ್ಲಿ ಟ್ರಿಟಿಯಂ ಇದೆ ಎಂಬುದರ ಸೂಚನೆ ಅದು. ಟ್ರಿಟಿಯಂ ಹನ್ನೆರಡು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 1966ರಲ್ಲಿ ಬಳಿದದ್ದು ಇವತ್ತಿಗೆ ಮೂವತ್ತರಲ್ಲಿ ಒಂದು ಪಾಲು ಉಳಿದಿರಬಹುದು. ಕತ್ತಲ ಕೋಣೆಯಲ್ಲಿ ಟಾರ್ಚು ಬಿಟ್ಟು ಆರಿಸಿದರೆ ಹಳೆಯ ಪುಡಿ ಕೆಲವು ಕ್ಷಣ ಮಿನುಗಿ ನಂದುತ್ತದೆ. ನಿಮಿಷಗಟ್ಟಲೆ ಹಸಿರಾಗಿ ಉರಿದರೆ ಅದು ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಬಂದ ಲ್ಯೂಮಿನೋವಾ, ಅಂದರೆ ಸರ್ವಿಸ್‌ನಲ್ಲಿ ಹಾಕಿದ ಹೊಸ ಡಯಲ್. ಡಯಲ್ ನಂದಿ ಮುಳ್ಳು ಮಾತ್ರ ಉರಿಯುತ್ತಿದ್ದರೆ ಬದಲಾದದ್ದು ಮುಳ್ಳು. ಕಾಗದಪತ್ರ ಯಾವುದೂ ಬೇಡ, ಒಂದು ಕತ್ತಲ ಕೋಣೆ ಸಾಕು.

ಇಷ್ಟು ಬಲ್ಲ ವಿದ್ಯೆ ಎಡವುವುದು ಒಂದೇ ಕಡೆ. ಹಳೆಯ ವಾಚಿನ ಬೆಲೆಯ ಬಹುಪಾಲು ಇರುವುದು ಡಯಲ್‌ನಲ್ಲಿ, ಆದರೆ ವಾಚಿನ ಜೊತೆ ತಾಳೆ ನೋಡಲು ಡಯಲ್‌ಗೆ ಸ್ವಂತ ಕ್ರಮಸಂಖ್ಯೆ ಇಲ್ಲ. ಮುಳ್ಳಿಗಿಲ್ಲ, ಬಳೆಗೂ ಇಲ್ಲ. ಅವು ಆ ಕಾಲದವು ಎಂದು ಹೇಳಬಹುದೇ ಹೊರತು ಇದೇ ವಾಚಿನ ಜೊತೆ ಕಾರ್ಖಾನೆಯಿಂದ ಹೊರಟವು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಮತ್ತು ಯಾವ ನಂಬರಿಗೆ ಯಾವ ಡಯಲ್, ಯಾವ ಮುಳ್ಳು ಸಲ್ಲಬೇಕು ಎಂದು ಸಂಶೋಧಕರು ಕಷ್ಟಪಟ್ಟು ಕಟ್ಟಿದ ಪಟ್ಟಿ, ಅಂಥ ವಾಚನ್ನು ಕೂಡಿಸಲು ಕೂತವನಿಗೂ ಅಷ್ಟೇ ಉಪಯೋಗಕ್ಕೆ ಬರುತ್ತದೆ.

2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1957ರ ಸ್ಪೀಡ್‌ಮಾಸ್ಟರ್ ಒಂದು, 2915-1 ಎಂಬ ಮೊದಲ ಮಾದರಿ, 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಮೀರಿ ಹೋಯಿತು. ಹರಾಜಿನವರ ಅಂದಾಜು ಇದ್ದದ್ದು 80,000ದಿಂದ 1,20,000 ಫ್ರಾಂಕ್. ಕೊಂಡದ್ದು ಸ್ವತಃ ಒಮೇಗಾ, ತನ್ನ ಸಂಗ್ರಹಾಲಯಕ್ಕಾಗಿ. 2023ರಲ್ಲಿ ಹೊರಬಿದ್ದ ಸತ್ಯ ಬೇರೆ. ಬಹುಮಟ್ಟಿಗೆ ಅಸಲಿ ಒಮೇಗಾ ಬಿಡಿಭಾಗಗಳನ್ನೇ ಕೂಡಿಸಿ ಕಟ್ಟಿದ ವಾಚು ಅದು. ಇದರಲ್ಲಿ ತನ್ನ ಮಾಜಿ ನೌಕರರ ಕೈವಾಡವಿತ್ತು ಎಂದು ಕಂಪನಿಯೇ ಹೇಳಿತು. ನನ್ನನ್ನು ಕಾಡುವುದು ಮೋಸದ ಮೊತ್ತವಲ್ಲ. ಬಿಡಿಬಿಡಿಯಾಗಿ ನೋಡಿದರೆ ಹೆಚ್ಚಿನ ಭಾಗಗಳು ಪರೀಕ್ಷೆಯಲ್ಲಿ ಗೆಲ್ಲುತ್ತವೆ, ಒಟ್ಟಾಗಿ ನೋಡಿದರೆ ಅಂಥ ವಾಚು ಯಾವತ್ತೂ ಇರಲೇ ಇಲ್ಲ. ತಾಳೆ ನೋಡುವ ಪದ್ಧತಿಗೆ ಇದಕ್ಕಿಂತ ಕಟುವಾದ ವಿಮರ್ಶೆಯನ್ನು ಯಾರೂ ಬರೆಯಲಾರರು.

ಆ ವಾಚಿನ ಡಯಲ್ ಕಪ್ಪು ಹೋಗಿ ಕಂದಾಗಿತ್ತು. ಹೀಗೆ ಬಣ್ಣ ಕೆಟ್ಟ ಡಯಲ್‌ಗೆ ಸಂಗ್ರಹಕಾರರು ‘ಟ್ರಾಪಿಕಲ್’ ಎಂದು ಹೆಸರಿಟ್ಟು ಹಲವು ಪಟ್ಟು ಬೆಲೆ ಕೊಡುತ್ತಾರೆ. ಅದೇ ಹೊತ್ತಿಗೆ, ಒಬ್ಬ ಮನುಷ್ಯ ಮೂವತ್ತು ವರ್ಷ ಕಟ್ಟಿ, ತುಕ್ಕು ಹಿಡಿದ ಮುಳ್ಳು ಬದಲಿಸಿ, ಕಂಪನಿಯ ಸರ್ವಿಸ್ ಡಯಲ್ ಹಾಕಿಸಿಕೊಂಡು ಓಡಿಸಿದ ವಾಚಿಗೆ ಬೆಲೆ ಇಳಿಯುತ್ತದೆ. ಕೆಟ್ಟದ್ದಕ್ಕೆ ಬಹುಮಾನ, ರಿಪೇರಿಗೆ ದಂಡ. ಇಂಥ ಲೆಕ್ಕಾಚಾರ ಇರುವ ಕಡೆ ಮುಂದೇನಾಗುತ್ತದೆ? ರಿಪೇರಿಯ ಗುರುತು ಅಳಿಸುವ ರಿಪೇರಿ ಶುರುವಾಗುತ್ತದೆ. ಹೊಸ ಡಯಲ್ ಕಿತ್ತು ಬೇರೆ ವಾಚಿನ ಹಳೆಯ ಡಯಲ್ ಹುಡುಕಿ ಕೂರಿಸಿ ‘ಒರಿಜಿನಲ್’ ಎನ್ನುತ್ತಾರೆ. ಸರ್ವಿಸ್ ಡಯಲ್ ತನ್ನ ವಯಸ್ಸನ್ನು ಬಚ್ಚಿಡುವುದಿಲ್ಲ. ಎರಡರಲ್ಲಿ ಯಾವುದನ್ನು ನಂಬುವುದು ಎಂದರೆ ನಾನು ಸರ್ವಿಸ್ ಡಯಲ್‌ನ ಕಡೆ. ಸರ್ವಿಸ್‌ಗೆ ಹೋದಾಗ ಹಳೆಯ ಡಯಲ್ಲನ್ನು ಪೊಟ್ಟಣ ಕಟ್ಟಿ ಮಾಲೀಕರ ಕೈಗೆ ವಾಪಸು ಕೊಡುವುದು ಎಲ್ಲ ಕಡೆ ರೂಢಿಯಾಗಿದ್ದರೆ ಈ ಗೋಜಲಿನ ಅರ್ಧ ಇರುತ್ತಿರಲಿಲ್ಲ.

ನಮ್ಮ ಎಚ್‌ಎಂಟಿಯ ಸಂಗತಿ ಇನ್ನೊಂದು ಬಗೆ. ಜಪಾನಿನ ಸಿಟಿಜನ್ ಜೊತೆಗೂಡಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ವಾಚು ತಯಾರಿಕೆ ನಿಂತುಹೋದ ಮೇಲೆ ಅದರ ಜನತಾ, ಪೈಲಟ್ ಮಾದರಿಗಳಿಗೆ ಬೇಡಿಕೆ ಹುಟ್ಟಿತು. ಬೇಡಿಕೆಯ ಬೆನ್ನಿಗೇ ಹೊಸದಾಗಿ ಬಣ್ಣ ಬಳಿದ ಡಯಲ್‌ಗಳು ಬಂದವು. ಕೆಲವು ವರ್ಷದ ಹಿಂದೆ ನಾನೂ ಅಂಥ ಒಂದು ಜನತಾ ಕೊಂಡೆ. ಮಾರಿದವರು ‘ಮುಟ್ಟಿಲ್ಲದ ಪೀಸ್’ ಎಂದಿದ್ದರು. ಮನೆಯಲ್ಲಿ ಐಗ್ಲಾಸ್ ಹಾಕಿ ನೋಡಿದಾಗ ‘17 ಜ್ಯೂವೆಲ್ಸ್’ ಎಂಬ ಅಕ್ಷರಗಳು ಇಂಕು ಹೀರಿದ ಕಾಗದದ ಮೇಲೆ ಬರೆದಂತೆ ಅಂಚು ಹರಡಿದ್ದವು. ನಿಮಿಷದ ಗೆರೆ ಒಂದು ಕಡೆ, ಗಂಟೆಯ ಉಬ್ಬು ಕಡ್ಡಿ ಕೂದಲೆಳೆಯಷ್ಟು ಇನ್ನೊಂದು ಕಡೆ. ನಡುವಿನ ತೂತಿನ ಅಂಚಿನಲ್ಲಿ ಹೊಸ ನೀಲಿ ಸುಲಿದು ಅಡಿಯ ಹಳೆಯ ಬಿಳಿ ಇಣುಕುತ್ತಿತ್ತು. ಕೊಂಡ ದುಡ್ಡಿಗಿಂತ ಆ ಬಿಳಿಯ ಬಗ್ಗೆ ಸಂಕಟವಾಯಿತು. ಎಷ್ಟೇ ಮಾಸಿದ್ದರೂ ಅದು ಜಾಲಹಳ್ಳಿಯ ಅಥವಾ ತುಮಕೂರಿನ ಕೆಲಸಗಾರರ ಕೈದಾಟಿ ಬಂದ ಮುಖ. ಬಣ್ಣದಡಿ ಹೋದ ಆ ಕೆಲಸ ಮತ್ತೆ ಸಿಗುವುದಿಲ್ಲ. ಬದಲಿಸಿದ ಭಾಗವನ್ನು ನಾನು ಒಪ್ಪುತ್ತೇನೆ. ಹಳೆಯದನ್ನು ಅಳಿಸಿ ಅದರ ಮೇಲೆಯೇ ಬರೆದದ್ದನ್ನು ಒಪ್ಪಲಾರೆ.

ಅಪ್ಪನ ಜನತಾ ನನ್ನ ಬಳಿ ಇದೆ. ಗ್ಲಾಸು ಎರಡು ಸಲ ಬದಲಾಗಿದೆ, ಕೀ ಕೊಡುವ ಗುಂಡಿ ಯಾವುದೋ ಬೇರೆ ವಾಚಿನದು, ತುಸು ದಪ್ಪ. ಸಂಗ್ರಹಕಾರರ ಕಣ್ಣಿಗೆ ಅದು ಕಲಬೆರಕೆ. ಆದರೆ ಮುಚ್ಚಳವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒಳಮೈಯಲ್ಲಿ ಸೂಜಿಮೊನೆಯಿಂದ ಗೀರಿದ ಮೂರು ಗುರುತು ಕಾಣುತ್ತವೆ. ರಿಪೇರಿಯವರು ತಮ್ಮ ಕೆಲಸದ ನೆನಪಿಗೆ ಹಾಕಿಕೊಂಡ ಸಹಿ, ತಾರೀಖು. ಒಂದು 12-8-87. ಅಪ್ಪನಿಗೆ ವರ್ಗವಾಗಿ ನಾವು ಹಾಸನಕ್ಕೆ ಹೋದ ವರ್ಷ. ಪಾಲಿಶ್ ಮಾಡಿಸಿದರೆ ಇವು ಮೂರೂ ಹೋಗುತ್ತವೆ, ಅದಕ್ಕೇ ಮಾಡಿಸಿಲ್ಲ. ಹೋದ ತಿಂಗಳು ಸ್ಪ್ರಿಂಗ್ ಹಾಕಿಸಿದೆ. ಅಂಗಡಿಯವರಿಗೆ ಹೇಳಿ ಆ ಮೂರರ ಕೆಳಗೆ ಅವರ ತಾರೀಖನ್ನೂ ಗೀರಿಸಿದೆ. ತುಂಡಾದ ಹಳೆಯ ಸ್ಪ್ರಿಂಗನ್ನು ಅವರು ಒಂದು ಕಾಗದದ ಚೂರಿನಲ್ಲಿ ಸುತ್ತಿ, ಮೇಲೆ ‘ಜನತಾ’ ಎಂದು ಬರೆದು ಕೊಟ್ಟಿದ್ದಾರೆ.