ಕೇಳಿದ ಕಥೆ, ಓದಿದ ಪುಸ್ತಕ: ಹಳೆಯ ಮಕ್ಕಳ ಕೃತಿಗಳನ್ನು ಕುರಿತು ಪೆರ್ಡೂರು ಪರಿಸರದ ಓದುಗರ ವಿಮರ್ಶೆ

1

ಕನ್ನಡದ ಮಕ್ಕಳ ಸಾಹಿತ್ಯವನ್ನು ಕುರಿತ ಬರವಣಿಗೆಯಲ್ಲಿ ಎರಡು ಬಗೆಯ ಮಾತುಗಳು ಪ್ರಧಾನವಾಗಿವೆ. ಒಂದು, ಲೇಖಕರ ಜೀವನ ಮತ್ತು ಕೃತಿಗಳ ಪರಿಚಯ. ಇನ್ನೊಂದು, ಮಕ್ಕಳಿಗೆ ಎಂಥ ಸಾಹಿತ್ಯ ಬೇಕೆಂಬ ಬಗ್ಗೆ ಶಿಕ್ಷಣತಜ್ಞರ ಹಾಗೂ ವಿಮರ್ಶಕರ ಅಭಿಪ್ರಾಯ. ಈ ಎರಡರಲ್ಲಿಯೂ ಓದುಗನ ಸ್ಥಾನ ಗೌಣವಾಗಿದೆ. ಬಾಲ್ಯದಲ್ಲಿ ಆ ಪುಸ್ತಕಗಳನ್ನು ಓದಿ ಬೆಳೆದು, ಮುಂದೆ ಮಕ್ಕಳಿಗೂ ಮೊಮ್ಮಕ್ಕಳಿಗೂ ಅವನ್ನು ಓದಿ ಹೇಳಿದವರು ಅವುಗಳ ಗುಣದೋಷಗಳ ಬಗ್ಗೆ ಏನು ಹೇಳುತ್ತಾರೆಂಬುದು ದಾಖಲಾದದ್ದು ತೀರ ಕಡಿಮೆ. ದಾಖಲಾದಾಗಲೂ ಅದು ಬಾಲ್ಯದ ಸವಿನೆನಪೆಂಬ ತಲೆಬರಹದ ಕೆಳಗೆ ಸೇರಿಹೋಗುತ್ತದೆ, ವಿಮರ್ಶೆಯೆಂದು ಪರಿಗಣಿತವಾಗುವುದಿಲ್ಲ.

ಜಾನಪದ ಅಧ್ಯಯನದ ನೆಲೆಯಿಂದ ನೋಡಿದರೆ ಈ ವಿಂಗಡಣೆ ಸರಿಯಲ್ಲ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ 1966ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ 'ಮೌಖಿಕ ಸಾಹಿತ್ಯ ವಿಮರ್ಶೆ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಕಥೆ, ಗಾದೆ, ಹಾಡುಗಳನ್ನು ಸಂಗ್ರಹಿಸಿದರೆ ಸಾಲದು. ಅವುಗಳ ಅರ್ಥ ಮತ್ತು ಸೊಗಸನ್ನು ಕುರಿತು ಜನರೇ ಆಡುವ ಮಾತನ್ನೂ ಸಂಗ್ರಹಿಸಬೇಕೆಂಬುದು ಅವರ ವಾದದ ತಿರುಳು. ಈ ಮಾತನ್ನು ಮುದ್ರಿತ ಪುಸ್ತಕಕ್ಕೂ ಅನ್ವಯಿಸಬಹುದು. ಅದರಲ್ಲಿಯೂ ಕೇಳಿದ ಕಥೆಯನ್ನೇ ಅಕ್ಷರಕ್ಕೆ ಇಳಿಸಿದ ಮಕ್ಕಳ ಪುಸ್ತಕಗಳ ವಿಷಯದಲ್ಲಿ ಹಾಗೆ ಅನ್ವಯಿಸುವುದು ಅನಿವಾರ್ಯ. ಏಕೆಂದರೆ ಅಂಥ ಪುಸ್ತಕವನ್ನು ಕೈಗೆತ್ತಿಕೊಳ್ಳುವ ಓದುಗ ಬರಿಗೈಯಲ್ಲಿ ಬರುವುದಿಲ್ಲ. ತಾನು ಕೇಳಿದ ಕಥೆಯೊಂದಿಗೆ ಬರುತ್ತಾನೆ.

ಉಡುಪಿಯಿಂದ ಹಿರಿಯಡಕದ ಮೂಲಕ ಹೆಬ್ರಿ, ಆಗುಂಬೆಗಳ ಕಡೆಗೆ ಹೋಗುವ ದಾರಿಯಲ್ಲಿರುವ ಪೆರ್ಡೂರು ಇಂಥ ಅಧ್ಯಯನಕ್ಕೆ ತಕ್ಕ ನೆಲೆ. ಇಲ್ಲಿ ಬಹುಪಾಲು ಮನೆಗಳಲ್ಲಿ ಆಡುವ ಮಾತು ತುಳು. ಕನ್ನಡ, ಕೊಂಕಣಿ ಮನೆಮಾತಿನವರೂ ಇದ್ದಾರೆ. ಶಾಲೆಯ ಭಾಷೆ ಕನ್ನಡ. ಅನಂತಪದ್ಮನಾಭ ದೇವಸ್ಥಾನದ ಹೆಸರಿನ ಪೆರ್ಡೂರು ಮೇಳವು ಬಡಗುತಿಟ್ಟಿನ ಪ್ರಸಿದ್ಧ ಯಕ್ಷಗಾನ ಮೇಳಗಳಲ್ಲೊಂದು. ಸುತ್ತಲಿನ ಊರುಗಳ ಗರಡಿಗಳಲ್ಲಿ ಬೈದೆರ್ಕಳ ನೇಮ ನಡೆಯುತ್ತದೆ. ಅಂದರೆ ಇಲ್ಲಿನ ಮಗು ಕನ್ನಡ ಪುಸ್ತಕವನ್ನು ಬಿಡಿಸುವ ಮೊದಲೇ ಪಾಡ್ದನದ ರಾಗವನ್ನೂ ಅರ್ಥಧಾರಿಯ ಮಾತನ್ನೂ ಕೇಳಿರುತ್ತದೆ. ಈ ಪರಿಸರದ ಹಿರಿಯ ಓದುಗರೊಂದಿಗೆ ಬೇರೆ ಬೇರೆ ಸಂದರ್ಭಗಳಲ್ಲಿ ನಡೆದ ಮಾತುಕತೆಗಳೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ಇದು ಅಂಕಿಅಂಶಗಳ ಸಮೀಕ್ಷೆಯಲ್ಲ. ಮಾತುಕತೆಗಳಲ್ಲಿ ಮರಳಿ ಮರಳಿ ಕೇಳಿಬಂದ ಆಕ್ಷೇಪಗಳ ಸ್ವರೂಪವನ್ನು ಗುರುತಿಸುವ ಪ್ರಯತ್ನ.

2

ಕರಾವಳಿಯ ಮಕ್ಕಳ ಸಾಹಿತ್ಯದ ಚರ್ಚೆ ಪಂಜೆ ಮಂಗೇಶರಾಯರಿಂದ (1874–1937) ಆರಂಭವಾಗಬೇಕು. ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಮಕ್ಕಳ ಕಲಿಕೆಯ ಕಷ್ಟವನ್ನು ಹತ್ತಿರದಿಂದ ಕಂಡ ಅವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಎಳೆಯರಿಗಾಗಿ ಪುಸ್ತಕ ಹೊರತಂದರು. ಅವರ 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಕಥೆಯನ್ನು ಮೂರು ತಲೆಮಾರಿನ ಓದುಗರು ಬಲ್ಲರು.

ರಚನೆಯ ದೃಷ್ಟಿಯಿಂದ ಇದೊಂದು ಸರಪಳಿ ಕಥೆ. ಸಿಗಡಿ ಒಣಗದಿದ್ದುದಕ್ಕೆ ಕಾರಣ ಕೇಳಿದರೆ ಅದು ಇನ್ನೊಬ್ಬರತ್ತ ಬೆರಳು ತೋರುತ್ತದೆ, ಅವರು ಮತ್ತೊಬ್ಬರತ್ತ. ತೆಲುಗಿನಲ್ಲಿ ಏಳು ಮೀನುಗಳ ಕಥೆಯೆಂದು ಪ್ರಸಿದ್ಧವಾದ ಜನಪದ ಕಥೆಯೂ ಇದೇ ಬಗೆಯದು. ಅಲ್ಲಿ ಮೀನಿನ ದೂರು ಹುಲ್ಲು, ಹಸು, ದನಗಾಹಿ ಎಂದು ಸಾಗಿ ಕೊನೆಗೆ ಇರುವೆಯಲ್ಲಿ ನಿಲ್ಲುತ್ತದೆ. ಆರ್ನೆ-ಥಾಮ್ಸನ್ ವರ್ಗೀಕರಣದಲ್ಲಿ 2000ದಿಂದ ಮುಂದಿನ ಸಂಖ್ಯೆಗಳು ಇಂಥ ಸೂತ್ರಬದ್ಧ ಕಥೆಗಳಿಗೆ ಮೀಸಲಾಗಿವೆ. ಆದ್ದರಿಂದ ಪಂಜೆಯವರ ಕಥೆ ಭಾರತದ ಹಲವೆಡೆ ಕೇಳಿಬರುವ ಮೌಖಿಕ ಕುಟುಂಬವೊಂದರ ಮುದ್ರಿತ ಸದಸ್ಯ.

ಈ ಕಥೆಯ ಬಗ್ಗೆ ಹಿರಿಯ ಓದುಗರು ಎತ್ತುವ ಆಕ್ಷೇಪಗಳು ಎರಡು. ಮೊದಲನೆಯದು ಶಬ್ದಕ್ಕೆ ಸಂಬಂಧಿಸಿದ್ದು. ತುಳು ಮನೆಯ ಮಗುವಿಗೆ ಅದು 'ಎಟ್ಟಿ'. ಕುಂದಾಪುರದ ಕಡೆಯವರಿಗೆ 'ಚಟ್ಲಿ'. ಮನೆಯ ಮುಂದೆಯೇ ಒಣಗುತ್ತಿದ್ದ ವಸ್ತುವಿಗೆ ಪುಸ್ತಕದಲ್ಲಿ ಬೇರೆ ಹೆಸರು. ಕಥೆ ಅರ್ಥವಾಯಿತು, ಆದರೆ ಅದು ಎಟ್ಟಿಯೇ ಎಂದು ತಿಳಿಯಲು ತಡವಾಯಿತು ಎಂಬ ಮಾತನ್ನು ನಗುತ್ತ ಹೇಳುವವರಿದ್ದಾರೆ. ನಗುವಿನ ಹಿಂದೆ ಗಂಭೀರವಾದ ವಿಚಾರವಿದೆ. ತುಳುವ ಮಗುವಿಗೆ ಕನ್ನಡ ಮಕ್ಕಳ ಪುಸ್ತಕ ಕಥೆಯ ಪುಸ್ತಕವೂ ಹೌದು, ಇನ್ನೊಂದು ಭಾಷೆಯ ಪಾಠಪುಸ್ತಕವೂ ಹೌದು. ಮೈಸೂರಿನ ಅಥವಾ ಧಾರವಾಡದ ಮಗು ಅದೇ ಪುಸ್ತಕವನ್ನು ಓದುವಾಗ ಈ ಇಮ್ಮಡಿ ಹೊರೆ ಇರುವುದಿಲ್ಲ. ನಮ್ಮ ಸಾಹಿತ್ಯ ಚರಿತ್ರೆಗಳು ಪಂಜೆಯವರ ಭಾಷೆಯ ಸರಳತೆಯನ್ನು ಕೊಂಡಾಡುವಾಗ, ಅದು ಯಾರಿಗೆ ಸರಳ ಎಂಬ ಪ್ರಶ್ನೆಯನ್ನು ಕೇಳುವುದಿಲ್ಲ. ಓದುಗ ಕೇಳಿದ್ದಾನೆ.

ಎರಡನೆಯ ಆಕ್ಷೇಪ ಪ್ರದರ್ಶನಕ್ಕೆ ಸಂಬಂಧಿಸಿದ್ದು. ಸರಪಳಿ ಕಥೆಯನ್ನು ಹೇಳುವವರು ಪ್ರತಿಯೊಂದು ಕೊಂಡಿಯಲ್ಲಿಯೂ ದನಿ ಬದಲಿಸುತ್ತಾರೆ. ಮಗು ಮುಂದಿನ ಪ್ರಶ್ನೆಯನ್ನು ತಾನೇ ಹೇಳುವಂತೆ ನಡುವೆ ನಿಲ್ಲಿಸುತ್ತಾರೆ. ಮಗು ನಿದ್ದೆಹೋಗದಿದ್ದರೆ ಇನ್ನೆರಡು ಕೊಂಡಿ ಸೇರಿಸುತ್ತಾರೆ. ಪುಸ್ತಕದ ಕಥೆಗೆ ಕೊಂಡಿಗಳ ಸಂಖ್ಯೆ ನಿಶ್ಚಿತ. ಪುಸ್ತಕದಲ್ಲಿ ಕಥೆ ಬೇಗ ಮುಗಿಯುತ್ತದೆ ಎಂಬ ದೂರಿನ ಅರ್ಥ ಇದೇ. ಇದನ್ನು ಪಂಜೆಯವರ ದೋಷವೆನ್ನಲಾಗದು. ಪ್ರಶ್ನೋತ್ತರದ ಲಯವನ್ನು ಉಳಿಸಿಕೊಂಡು, ಓದಿಹೇಳುವವರಿಗೆ ದನಿ ಬದಲಿಸುವ ಅವಕಾಶವನ್ನು ಅವರು ಬಿಟ್ಟುಕೊಟ್ಟಿದ್ದಾರೆ. ಈ ಕಥೆ ಬಾಯಿಂದ ಪುಸ್ತಕಕ್ಕೆ ಬಂದು, ಪುಸ್ತಕದಿಂದ ಮತ್ತೆ ಅಜ್ಜಿಯರ ಬಾಯಿಗೆ ಹೋದದ್ದಕ್ಕೆ ಅದೇ ಕಾರಣ. ಹೀಗಾಗಿ ಓದುಗರ ದೂರಿನೊಳಗೇ ಕೃತಿಯ ಮೆಚ್ಚುಗೆಯೂ ಅಡಗಿದೆ.

3

ಸಿಗಡಿಯ ಕಥೆಯಲ್ಲಿ ಭಿನ್ನಾಭಿಪ್ರಾಯ ಹಗುರವಾದುದು. ಪಂಜೆಯವರದೇ 'ಕೋಟಿ ಚೆನ್ನಯ'ಕ್ಕೆ ಬಂದಾಗ ಅದು ಹಗುರವಾಗಿ ಉಳಿಯುವುದಿಲ್ಲ.

ತುಳು ಪಾಡ್ದನಗಳು ಮುದ್ರಣಕ್ಕೆ ಬಂದದ್ದು ಮೊದಲಿಗೆ ಮಿಷನರಿಗಳ ಹಾಗೂ ಅಧಿಕಾರಿಗಳ ಆಸಕ್ತಿಯಿಂದ. ಮ್ಯಾನರ್ ಸಂಗ್ರಹಿಸಿದ 'ಪಾಡ್ದನೊಳು' ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1886ರಲ್ಲಿ ಪ್ರಕಟವಾಯಿತು. ಬರ್ನೆಲ್ಲರ ಸಂಗ್ರಹದ ಸಾಮಗ್ರಿ 1894ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬಂದಿತು. ಇವು ವಿದ್ವಾಂಸರಿಗಾಗಿ ಇದ್ದವು. ಅದೇ ಪರಂಪರೆಯ ಕಥೆಯೊಂದನ್ನು ಎಳೆಯರು ಓದುವಂಥ ಕನ್ನಡ ಗದ್ಯಕ್ಕೆ ತಂದುದು ಪಂಜೆಯವರ ಹಿರಿಮೆ. ಪಡುಮಲೆಯ ಬಲ್ಲಾಳನ ಗಾಯವನ್ನು ಗುಣಪಡಿಸಿದ ದೇಯಿ ಬೈದೆತಿ, ಅವಳ ಅವಳಿ ಮಕ್ಕಳು, ಬುದ್ಯಂತನೊಂದಿಗೆ ಗದ್ದೆಯ ಜಗಳ, ನ್ಯಾಯ ಸಿಗದೆ ಊರು ಬಿಡುವಿಕೆ, ಪಂಜದ ಸೆರೆ, ಎಣ್ಮೂರಿನ ಆಶ್ರಯ ಮತ್ತು ಅಲ್ಲಿಯ ವೀರಮರಣ: ಈ ಕಥೆಯನ್ನು ತುಳುನಾಡಿನ ಹೊರಗಿನ ಕನ್ನಡಿಗರು ಬಹುಕಾಲ ಬಲ್ಲುದು ಈ ಪುಸ್ತಕದಿಂದಲೇ.

ಗರಡಿಯ ಪರಂಪರೆಯಲ್ಲಿ ಬೆಳೆದ ಓದುಗರು ಈ ಪುಸ್ತಕವನ್ನು ಗೌರವದಿಂದ ನೆನೆಯುತ್ತಾರೆ. ಆದರೆ ಗೌರವದೊಂದಿಗೇ ತಕರಾರನ್ನೂ ಹೇಳುತ್ತಾರೆ. ಅವರ ಪಾಲಿಗೆ ಕೋಟಿ ಚೆನ್ನಯರು ಕಥೆಯ ವೀರರಷ್ಟೇ ಅಲ್ಲ, ಬೈದೆರ್ಕಳು. ಪಾಡ್ದನದ ಲೋಕದೃಷ್ಟಿಯಲ್ಲಿ ವೀರನ ಮರಣವೆಂದರೆ ಜೋಗವನ್ನು ಬಿಟ್ಟು ಮಾಯಕ್ಕೆ ಸೇರುವುದು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪ್ರತಿವರ್ಷದ ನೇಮದಲ್ಲಿ ಮುಂದುವರಿಯುತ್ತದೆ. ಪುಸ್ತಕವನ್ನು ಮಾತ್ರ ಓದಿ ಬೆಳೆದವರ ನೆನಪಿನಲ್ಲಿ ಎಣ್ಮೂರಿನ ಯುದ್ಧವೇ ಕೊನೆ. ಪಾಡ್ದನ ಕೇಳಿ ಬೆಳೆದವರ ನೆನಪಿನಲ್ಲಿ ಅದು ಕೊನೆಯಲ್ಲ. ಒಂದೇ ಊರಿನ ಇಬ್ಬರು ಓದುಗರ ನಡುವಿನ ಈ ಅಂತರವು ಕೇವಲ ಅಭಿರುಚಿಯದಲ್ಲ, ನಂಬಿಕೆಯದೂ ಸಾಮಾಜಿಕ ಸ್ಥಾನದ್ದೂ ಆಗಿದೆ. ಬಿಲ್ಲವ ಸಮುದಾಯದ ಓದುಗನಿಗೆ ಗದ್ದೆಯ ಜಗಳವು ಶೌರ್ಯಕಥೆಗೆ ಪೀಠಿಕೆಯಲ್ಲ. ಅದೇ ಕಥೆಯ ಹೃದಯ. ಭೂಮಿಯ ಹಕ್ಕು ಮತ್ತು ಮಾನದ ಪ್ರಶ್ನೆ ಅಲ್ಲಿದೆ.

ಮಹಿಳೆಯರ ಆಕ್ಷೇಪ ಬೇರೆ ದಿಕ್ಕಿನದು. ಗದ್ದೆಯಲ್ಲಿ ನೇಜಿ ನೆಡುವಾಗ ಪಾಡ್ದನ ಹಾಡುತ್ತಿದ್ದವರು ಅವರು. ದೇಯಿಯ ಪಾತ್ರವು ಪುತ್ರರ ಕಥೆಗೆ ಮುನ್ನುಡಿಯಾಗಿ ಮಾತ್ರ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಅವರಿಗೆ ಒಪ್ಪಿಗೆಯಿಲ್ಲ. ತುಂಬು ಗರ್ಭಿಣಿಯಾಗಿ ಮದ್ದು ಮಾಡಲು ಹೋದ ವೈದ್ಯೆಯ ಕಥೆಯೇ ಮೊದಲ ಕಥೆ ಎಂದು ಅವರು ವಾದಿಸುತ್ತಾರೆ. ಪಡುಮಲೆಯಲ್ಲಿ ಅರಣ್ಯ ಇಲಾಖೆ ದೇಯಿಯ ಹೆಸರಿನಲ್ಲಿ ಔಷಧಿವನವನ್ನು ರೂಪಿಸಿರುವುದನ್ನು ನೋಡಿದರೆ, ಆ ವಾದಕ್ಕೆ ಸಾರ್ವಜನಿಕ ಮನ್ನಣೆಯೂ ತಡವಾಗಿ ದೊರೆತಿದೆ ಎನ್ನಬಹುದು.

4

ಪುರಾಣಕಥೆಗಳ ಪುಸ್ತಕಗಳ ವಿಷಯದಲ್ಲಿ ಅಳತೆಗೋಲಾಗುವುದು ಯಕ್ಷಗಾನ. 1970ರ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಪ್ರಕಟಿಸಿದ 'ಭಾರತ-ಭಾರತಿ' ಮಾಲೆಯ ಪುಟ್ಟ ಪುಸ್ತಕಗಳು, ಕನ್ನಡದಲ್ಲಿ 1949ರಿಂದ ಬರುತ್ತಿದ್ದು ಈಗ ನಿಂತುಹೋಗಿರುವ 'ಚಂದಮಾಮ', ಇವೆರಡೂ ಈ ಭಾಗದ ಮನೆಗಳಿಗೆ ಬಂದಿದ್ದವು. ಬಬ್ರುವಾಹನನನ್ನೂ ಅಭಿಮನ್ಯುವನ್ನೂ ಮೇಳದಲ್ಲಿ ಕಂಡ ಬಾಲಕ ಅದೇ ಕಥೆಯನ್ನು ಪುಸ್ತಕದಲ್ಲಿ ಓದಿದಾಗ ಅವನಿಗೆ ಕೊರತೆಯೆನಿಸಿದ್ದು ಬಣ್ಣ, ಚೆಂಡೆಗಳಷ್ಟೇ ಅಲ್ಲ, ವಾದ. ರಂಗದ ಮೇಲೆ ಪ್ರತಿನಾಯಕನಿಗೂ ತನ್ನ ಪಕ್ಷವನ್ನು ಸಮರ್ಥಿಸುವ ಅವಕಾಶವಿದೆ. ಕರ್ಣನೋ ಕೌರವನೋ ಒಳ್ಳೆಯ ಅರ್ಥಧಾರಿಯ ಬಾಯಲ್ಲಿ ಗೆದ್ದಂತೆಯೇ ಕಾಣುವುದುಂಟು. ಮಕ್ಕಳ ಪುಸ್ತಕದಲ್ಲಿ ಒಳ್ಳೆಯವರು, ಕೆಟ್ಟವರು ಮೊದಲೇ ನಿಶ್ಚಿತರು. ಪುಸ್ತಕದ ಕೌರವನಿಗೆ ಮಾತೇ ಇಲ್ಲ ಎಂಬ ಆಕ್ಷೇಪವು ಮಕ್ಕಳ ಸಾಹಿತ್ಯದ ನೀತಿಪರತೆಯನ್ನು ಕುರಿತು ವಿದ್ವಾಂಸರು ಬರೆದ ಎಷ್ಟೋ ಪುಟಗಳಿಗೆ ಸಮನಾದುದು. ಮಕ್ಕಳಿಗೆ ಗೊಂದಲವಾಗಬಾರದೆಂದು ಪುಸ್ತಕ ಸರಳಗೊಳಿಸಿದ್ದನ್ನು, ಇರುಳಿಡೀ ಆಟ ನೋಡಿದ ಮಗು ಗೊಂದಲವಿಲ್ಲದೆ ಗ್ರಹಿಸಿತ್ತು.

ಇದಕ್ಕೆ ಪ್ರತಿಯಾಗಿ, ಕೇಳಿದ ರೂಪವೇ ಇಲ್ಲದ ಪುಸ್ತಕಗಳ ಗತಿಯನ್ನೂ ಗಮನಿಸಬೇಕು. ಶಿವರಾಮ ಕಾರಂತರು (1902–1997) 1930ರ ದಶಕದಲ್ಲಿ ಮೂರು ಸಂಪುಟಗಳಲ್ಲಿ ತಂದ 'ಬಾಲಪ್ರಪಂಚ' ಅಂಥದು. ಅದನ್ನು ಕುರಿತ ಆಕ್ಷೇಪ ಒಂದೇ: ಮಾಹಿತಿ ಹಳೆಯದಾಯಿತು. 1930ರಲ್ಲಿ ಪತ್ತೆಯಾದ ಪ್ಲೂಟೋ 2006ರಲ್ಲಿ ಗ್ರಹಗಳ ಪಟ್ಟಿಯಿಂದ ಹೊರಬಂದ ಜಗತ್ತಿನಲ್ಲಿ ಯಾವ ವಿಶ್ವಕೋಶಕ್ಕೂ ಇದು ತಪ್ಪಿದ್ದಲ್ಲ. ಇಲ್ಲಿ ಓದುಗರು ಪುಸ್ತಕವನ್ನು ಅಳೆಯುವುದು ಕಾಲದಿಂದ. ಪಂಜೆಯವರ ಕೃತಿಗಳನ್ನು ಅಳೆಯುವುದು ಕಿವಿಯಿಂದ. ಆದ್ದರಿಂದ ಹಳೆಯ ಮಕ್ಕಳ ಪುಸ್ತಕಗಳೆಲ್ಲವನ್ನೂ ಒಂದೇ ಮಾನದಂಡದಿಂದ ಹಳತಾದವು ಎಂದು ಬದಿಗಿಡುವುದು ಸರಿಯಲ್ಲ. ಮಾಹಿತಿ ಹಳತಾಗುತ್ತದೆ, ಕಥೆಯ ಬಗೆಗಿನ ತಕರಾರು ಹಳತಾಗುವುದಿಲ್ಲ.

5

ಈ ತಕರಾರುಗಳಿಗೆ ಸಂಪಾದಕರು, ಪ್ರಕಾಶಕರು ಹೇಗೆ ಸ್ಪಂದಿಸಬೇಕು? ಮರುಮುದ್ರಣದ ವೇಳೆ ಆಕ್ಷೇಪಾರ್ಹವೆನಿಸಿದ್ದನ್ನು ತಿದ್ದಿಬಿಡುವುದು ಸುಲಭದ ದಾರಿಯೆಂದು ತೋರುತ್ತದೆ. ಜರ್ಮನಿಯ ಗ್ರಿಮ್ ಸಹೋದರರ ಸಂಗ್ರಹವೇ 1812ರ ಮೊದಲ ಮುದ್ರಣದಿಂದ 1857ರ ಏಳನೆಯ ಮುದ್ರಣದವರೆಗೆ ಬದಲಾಗುತ್ತ ಬಂದಿತು. ಕೆಲವು ಕಥೆಗಳಲ್ಲಿ ಹೆತ್ತ ತಾಯಿ ಮಲತಾಯಿಯಾದಳು. 2023ರಲ್ಲಿ ರೋಆಲ್ಡ್ ಡಾಲರ ಮಕ್ಕಳ ಪುಸ್ತಕಗಳ ಪದಗಳನ್ನು ಬದಲಿಸಿದಾಗ ವಿರೋಧ ಬಂದು, ಪ್ರಕಾಶಕರು ಮೂಲಪಾಠದ ಆವೃತ್ತಿಯನ್ನೂ ಉಳಿಸುವುದಾಗಿ ಘೋಷಿಸಬೇಕಾಯಿತು. ಮೌಖಿಕ ಪರಂಪರೆಯಲ್ಲಿ ಬದಲಾವಣೆ ಸಹಜವಲ್ಲವೇ ಎಂದು ಕೇಳಬಹುದು. ಸಹಜವೇ; ಆದರೆ ಅಲ್ಲಿ ಬದಲಿಸುವವರು ಕೇಳುಗರ ಎದುರಿಗೇ ಇರುತ್ತಾರೆ, ಕೇಳುಗರು ಅಲ್ಲಿಯೇ ಪ್ರಶ್ನಿಸಬಲ್ಲರು. ಮುದ್ರಣದ ತಿದ್ದುಪಡಿ ಕಣ್ಣಿಗೆ ಬೀಳದೆ ನಡೆಯುತ್ತದೆ. ಮೂಲವನ್ನು ತಿದ್ದಿದರೆ, ಅದರ ಮೇಲೆ ಓದುಗರು ಹೊರಿಸಿದ ಆಕ್ಷೇಪಕ್ಕೂ ಆಧಾರವಿಲ್ಲದಂತಾಗುತ್ತದೆ.

ಪೆರ್ಡೂರಿನ ಓದುಗರ ಮಾತುಗಳಲ್ಲಿ ಪುಸ್ತಕವನ್ನು ತಿದ್ದಿರೆಂಬ ಬೇಡಿಕೆ ಇಲ್ಲವೆಂಬುದು ಗಮನಾರ್ಹ. ಅವರ ಬೇಡಿಕೆ, ತಾವು ಕೇಳಿದ್ದೂ ಅದರ ಪಕ್ಕದಲ್ಲಿರಲಿ ಎಂಬುದು. ಇದು ಜಾನಪದದ ಪಾಠಾಂತರ ತತ್ತ್ವವೇ ಆಗಿದೆ: ಒಂದು ಪಾಠವು ಇನ್ನೊಂದನ್ನು ರದ್ದುಮಾಡುವುದಿಲ್ಲ. ಹೀಗಾಗಿ ಹಳೆಯ ಮಕ್ಕಳ ಕೃತಿಗಳ ಮರುಮುದ್ರಣದಲ್ಲಿ ಮೂರು ಅಂಶಗಳನ್ನು ಪಾಲಿಸುವುದು ಯುಕ್ತ. ಮೂಲಪಾಠವನ್ನು ಪೂರ್ಣವಾಗಿ ಉಳಿಸುವುದು. ಕಥೆಗೆ ಮೌಖಿಕ ರೂಪವಿದ್ದಲ್ಲಿ ಅದರ ಒಂದು ಪಾಠವನ್ನು, ಸಾಧ್ಯವಾದರೆ ತುಳುವಿನಲ್ಲಿಯೇ, ಜೊತೆಗೆ ಕೊಡುವುದು. ಓದುಗರ ಆಕ್ಷೇಪಗಳನ್ನು ಅನುಬಂಧವಾಗಿ ದಾಖಲಿಸುವುದು.

ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ನಡೆದ ತುಳು ನಿಘಂಟಿನ ಯೋಜನೆ 1988ರಿಂದ 1997ರ ಅವಧಿಯಲ್ಲಿ ಆರು ಸಂಪುಟಗಳನ್ನು ಪ್ರಕಟಿಸಿ ತುಳುವಿನ ಶಬ್ದಸಂಪತ್ತನ್ನು ಉಳಿಸಿಕೊಟ್ಟಿತು. ಕೇಳಿದ ಕಥೆಗಳ ಬಗೆಗಿನ ಜನರ ತೀರ್ಪುಗಳಿಗೆ ಅಂಥ ಕೋಶವಿಲ್ಲ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮವು ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಸದಸ್ಯರನ್ನಾಗಿ ತಂದಿದೆ. ಆ ಮಕ್ಕಳ ಎದುರಿಗೆ ಪಂಜೆಯವರ ಪುಸ್ತಕವನ್ನಿಟ್ಟು, ಅದನ್ನು ಕೇಳಿಯೂ ಓದಿಯೂ ಬಲ್ಲ ಹಿರಿಯರನ್ನು ಕೂರಿಸಿ, ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು ಯಾವ ಗ್ರಂಥಾಲಯಕ್ಕೂ ಅಸಾಧ್ಯವಾದುದಲ್ಲ. ನೇಜಿ ನೆಡುವ ಯಂತ್ರ ಬಂದ ಗದ್ದೆಯಲ್ಲಿ ಪಾಡ್ದನ ಕೇಳಿಸುವುದು ವಿರಳವಾಗಿದೆ. ಪುಸ್ತಕ ಮತ್ತು ಪಾಡ್ದನ ಎರಡನ್ನೂ ಬಲ್ಲ ತಲೆಮಾರು ಮರೆಯಾದ ಮೇಲೆ ಪುಸ್ತಕ ಉಳಿಯಬಹುದು. ಅದರೊಂದಿಗೆ ಜಗಳವಾಡಬಲ್ಲ ಓದುಗರು ಉಳಿಯುವುದಿಲ್ಲ. ಅವರ ಆ ಜಗಳವನ್ನೂ ಮಕ್ಕಳ ಸಾಹಿತ್ಯದ ಚರಿತ್ರೆಯ ಆಕರವೆಂದು ಸಂಶೋಧಕರು ಮನ್ನಿಸಬೇಕೆಂಬುದು ಈ ಲೇಖನದ ನಿವೇದನೆ.