ತಟ್ಟೆಯ ಮೇಲಿನ ದಾಸವಾಣಿ: ಒಂದು ಪಾಠವಿಚಾರ

ಗ್ರಾಮಫೋನ್ ತಟ್ಟೆ ಮರಳಿ ಬಂದಿದೆ. ರಾಕ್ ತಂಡಗಳು ತಮ್ಮ ಹೊಸ ಹಾಡುಗಳನ್ನು ಬಣ್ಣದ ವಿನೈಲ್ ತಟ್ಟೆಗಳಲ್ಲಿ, ಪ್ರತಿಗೊಂದು ಕ್ರಮಾಂಕವಿತ್ತು, ಸೀಮಿತ ಸಂಖ್ಯೆಯಲ್ಲಿ ಹೊರತರುವುದು ಇಂದು ರೂಢಿಯಾಗಿದೆ. ಅಮೆರಿಕದಲ್ಲಿ 2020ರಲ್ಲಿ ವಿನೈಲ್ ಮಾರಾಟದ ಆದಾಯವು ಸಿ.ಡಿ.ಯ ಆದಾಯವನ್ನು ಮೀರಿತು. ಸಂಗ್ರಾಹಕನಿಗೆ ವಿರಳತೆಯೇ ಬೆಲೆ. ಕನ್ನಡ ಸಂಶೋಧಕನಿಗೆ ತಟ್ಟೆಯ ಬೆಲೆ ಎಲ್ಲಿದೆ? ಪುಣೆಯಲ್ಲಿ ನೆಲೆಸಿದ್ದ ಪಂಡಿತ ಭೀಮಸೇನ ಜೋಶಿಯವರ (1922–2011) ದಾಸವಾಣಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಯಸುತ್ತೇವೆ.

ಭೀಮಸೇನರ ಸಂಗೀತಜೀವನದ ಮೊದಲಲ್ಲೇ ಒಂದು ತಟ್ಟೆ ಇದೆ. ಬಾಲ್ಯದಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಠುಮರಿಯ ಮುದ್ರಿಕೆಯೇ ಅವರನ್ನು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಡುವಂತೆ ಮಾಡಿತು. ಮುಂದೆ ಕುಂದಗೋಳದಲ್ಲಿ ಅವರಿಗೆ ಗುರುವಾದ ಸವಾಯಿ ಗಂಧರ್ವರು ಅದೇ ಖಾನರ ಶಿಷ್ಯರು. ಗುರುವಿನ ಸ್ಮರಣೆಗಾಗಿ ಪುಣೆಯಲ್ಲಿ 1953ರಲ್ಲಿ ಆರಂಭವಾದ ಉತ್ಸವವನ್ನು ಭೀಮಸೇನರು ದಶಕಗಳ ಕಾಲ ಬೆಳೆಸಿದರು. ಈ ನಗರದಲ್ಲಿದ್ದುಕೊಂಡೇ ಅವರು ಮರಾಠಿಯಲ್ಲಿ ಅಭಂಗಗಳನ್ನೂ ಕನ್ನಡದಲ್ಲಿ ದಾಸರ ಪದಗಳನ್ನೂ ಹಾಡಿದರು. ಎರಡರ ಆರಾಧ್ಯನೂ ಪಂಢರಪುರದ ವಿಠಲನೇ ಎಂಬುದು ಗಮನಾರ್ಹ.

ಪ್ರಸಿದ್ಧವಾದ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಕೀರ್ತನೆಯನ್ನೇ ತೆಗೆದುಕೊಳ್ಳಬಹುದು. ಮುದ್ರಿತ ಸಂಪುಟಗಳಲ್ಲಿ ಪಲ್ಲವಿ ಒಮ್ಮೆ ಅಚ್ಚಾಗಿ, ಬಳಿಕ 'ಪ' ಎಂಬ ಚಿಹ್ನೆಯಾಗಿ ಉಳಿಯುತ್ತದೆ. ಓದುವವನ ಕಣ್ಣು ಚರಣಗಳ ಮೇಲೆ ಸಾಗುತ್ತದೆ. ತಟ್ಟೆಯಲ್ಲಿ ಹಾಗಲ್ಲ. ಪ್ರತಿ ಚರಣದ ಕೊನೆಗೆ ಮರಳಿ ಬರುವ ಪಲ್ಲವಿಯೇ ಕೃತಿಯ ಅಕ್ಷ. ಕರೆಯು ಮೊದಲು ಆಹ್ವಾನವಾಗಿ, ಬರಬರುತ್ತ ಹಂಬಲವಾಗಿ ತೋರುತ್ತದೆ. ದಕ್ಷಿಣದ ಗಾಯಕರು ಸಾಮಾನ್ಯವಾಗಿ ಮಧ್ಯಮಾವತಿಯಲ್ಲಿ ಹಾಡುವ ಈ ಪದ ಭೀಮಸೇನರಲ್ಲಿ ಹಿಂದೂಸ್ತಾನಿ ಕಂಠಸಂಸ್ಕಾರವನ್ನು ಪಡೆದು ಬೇರೆಯೇ ಒಂದು ಭಾವಪಾಠವಾಗಿದೆ. ಇದನ್ನು ಅಲಂಕಾರವೆಂದು ಬದಿಗಿಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ದಾಸರ ಪದಗಳು ಬಾಯಿಂದ ಬಾಯಿಗೆ ಸಾಗಿ ಆಮೇಲೆ ಓಲೆ ಕಾಗದಗಳನ್ನು ಸೇರಿದವು. ನಾವು ಪ್ರಮಾಣವೆಂದು ಸ್ವೀಕರಿಸುವ ಹಸ್ತಪ್ರತಿಯೂ ಮೂಲತಃ ಯಾರದೋ ಹಾಡಿಕೆಯ ದಾಖಲೆಯೇ.

ಆದರೆ ಈ ಸಾಕ್ಷ್ಯಕ್ಕೆ ಮಿತಿಯೂ ಉಂಟು. ಅರಗಿನ 78 ವೇಗದ ತಟ್ಟೆಯ ಒಂದು ಮೈಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. 1948ರಲ್ಲಿ ಅಮೆರಿಕದಲ್ಲಿ ಬಂದ ದೀರ್ಘವಾದನ ತಟ್ಟೆಯಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಅವಕಾಶ ದೊರೆಯಿತು. ಚಿಕ್ಕ ತಟ್ಟೆಯಲ್ಲಿ ಚರಣವೊಂದು ಬಿಟ್ಟುಹೋಗಿದ್ದರೆ ಅದನ್ನು ಪಾಠಾಂತರವೆಂದು ಭಾವಿಸುವ ಮುನ್ನ ಗಡಿಯಾರವನ್ನು ನೆನೆಯಬೇಕು. ಅಂಕಿತವಿರುವ ಕೊನೆಯ ಚರಣ ಉಳಿದಿದೆಯೇ ಎಂಬುದನ್ನು ಮೊದಲು ನೋಡಬೇಕು.

ಇಲ್ಲಿಯೇ ಸಂಗ್ರಾಹಕನ ದಾರಿಯೂ ಸಂಶೋಧಕನ ದಾರಿಯೂ ಬೇರೆಯಾಗುತ್ತವೆ. ಸೀಮಿತ ಆವೃತ್ತಿಯ ಹೊದಿಕೆಯ ಮೇಲಿನ ಕ್ರಮಾಂಕ ಇದು ಎಷ್ಟನೆಯ ಪ್ರತಿ ಎಂದಷ್ಟೇ ತಿಳಿಸುತ್ತದೆ. ತಟ್ಟೆಯ ಒಳಅಂಚಿನಲ್ಲಿ, ಹಾಡು ಮುಗಿಯುವ ಕಡೆ ಕೊರೆದಿರುವ ಸಣ್ಣ ಅಂಕಿಗಳು ಅದು ಯಾವ ಅಚ್ಚಿನಿಂದ ಬಂದುದೆಂದು ಗುರುತಿಸಲು ನೆರವಾಗುತ್ತವೆ. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆಯುವ ಪುಷ್ಪಿಕೆಗೆ ಸಮಾನವಾದುದು ಈ ಕೊರೆತವೇ ಹೊರತು ಆ ಕ್ರಮಾಂಕವಲ್ಲ. ಬಣ್ಣದ ಮರುಮುದ್ರಣಕ್ಕೆ ಹಣ ತೆರುವವರು ಗೀರುಬಿದ್ದ ಹಳೆಯ ತಟ್ಟೆಯನ್ನು ಕಡೆಗಣಿಸುವುದು ಇದರಿಂದಲೇ ವಿಷಾದಕರ.

ಪುಣೆಯ ಕನ್ನಡ ಮನೆಗಳಲ್ಲಿ ಹಿರಿಯರು ಕೂಡಿಟ್ಟ ತಟ್ಟೆಗಳು ಅವರ ಕಾಲಾನಂತರ ಹಳೆಯ ಸಾಮಾನಿನೊಡನೆ ಜುನಾ ಬಜಾರಿನಂಥ ಸಂತೆಗಳಿಗೆ ಸೇರುತ್ತವೆ. ಕನ್ನಡ ಬಾರದವನ ಕೈಯಲ್ಲಿ ಹೊದಿಕೆ ಕಳಚಿದ ದಾಸವಾಣಿ ಅನಾಮಧೇಯವಾಗುತ್ತದೆ. ಹೊರನಾಡಿನಲ್ಲಿರುವ ಸಂಶೋಧಕರು ತಮ್ಮ ಊರಿನ ಇಂಥ ಮನೆಗಳಲ್ಲಿ ತಟ್ಟೆಯ ಅಂಕಿ, ಗಾಯಕರು, ಪಕ್ಕವಾದ್ಯದವರು, ಹಾಡಿದ ಚರಣಗಳು ಇವಿಷ್ಟನ್ನು ಬರೆದಿಟ್ಟರೂ ಪಾಠಸಂಪಾದಕನಿಗೆ ಮಹದುಪಕಾರ.

ಈ ಕೆಲಸ ಹಳೆಯದಕ್ಕೆ ಮಾತ್ರ ಮೀಸಲಲ್ಲ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ ಶಿಶುನಾಳ ಶರೀಫರ (1819–1889) ತತ್ತ್ವಪದಗಳನ್ನು ಗಿಟಾರಿನೊಡನೆ ಕೇಳಿಸಿತು. ಅದೂ ಶರೀಫರ ಪದಕ್ಕೆ ಒದಗಿದ ಒಂದು ಪಾಠ. ಮುಂದೊಂದು ದಿನ ಅಂಥ ಹಾಡಿಕೆ ಕ್ರಮಾಂಕಿತ ತಟ್ಟೆಯಾಗಿ ಬಂದರೆ ನಾವು ಕೇಳಬೇಕಾದುದು ಅದು ಎಷ್ಟನೆಯ ಪ್ರತಿ ಎಂದಲ್ಲ, ಯಾವ ಪಾಠ ಎಂದು.