ಬಿಡಿ ನೆನಪುಗಳ ಸೊಗಸು

ಹೇಮಾವತಿ ಹುಟ್ಟುವ ಜಾವಳಿ ಮೂಡಿಗೆರೆ ಸೀಮೆಯ ಊರು. ಅಲ್ಲಿ ಜಡಿಮಳೆಯ ಸಂಜೆ ಮಾತು ಕಾಫಿ ಧಾರಣೆಯಿಂದ ಶುರುವಾಗಿ, ಸತ್ತ ನಾಯಿಯ ನೆನಪಿಗೆ ಹಾಯ್ದು, ಅಜ್ಜನ ಕೋವಿಯ ಬಳಿ ನಿಲ್ಲುತ್ತದೆ. ಈ ಹರಟೆಯ ಲಯವನ್ನು ಪುಸ್ತಕಕ್ಕಿಳಿಸಿದವರು ಇದೇ ಸೀಮೆಯಲ್ಲಿ ಕಾಫಿ ಬೆಳೆದ ಪೂರ್ಣಚಂದ್ರ ತೇಜಸ್ವಿ. 1996ರ ‘ಅಣ್ಣನ ನೆನಪು’ ತಂದೆ ಕುವೆಂಪು ಕುರಿತದ್ದು. ಆದರೆ ಇಸವಿಗಳ ಸಾಲು ಹಿಡಿದು ಹೋಗುವ ಜೀವನಚರಿತ್ರೆಯಲ್ಲ. ಮೈಸೂರಿನ ಉದಯರವಿ ಮನೆ, ಹುಡುಗಾಟ, ಅಪ್ಪ ಮಗನ ಮಾತುಕತೆ ಎಲ್ಲವೂ ನೆನಪಾದಂತೆ ಬರುತ್ತವೆ. ನನಗೆ ಅಚ್ಚುಮೆಚ್ಚು ಈ ಚದುರುವಿಕೆಯೇ. ಸಣ್ಣ ಸಂಗತಿಗಳನ್ನು ಜೋಡಿಸಿಡುವ ಆತುರ ತೇಜಸ್ವಿಗಿಲ್ಲ, ದೊಡ್ಡವರನ್ನು ಪೀಠದ ಮೇಲೆ ಕೂರಿಸುವ ಭಾರವೂ ಇಲ್ಲ. ಹಾಗಾಗಿಯೇ ರಾಷ್ಟ್ರಕವಿ ಇಲ್ಲಿ ಮಕ್ಕಳ ತಂಟೆಯ ನಡುವೆ ಬದುಕಿದ ಅಪ್ಪನಾಗಿ ಸಿಗುತ್ತಾರೆ. ಯಾವ ಪುಟದಿಂದ ಓದಲು ತೊಡಗಿದರೂ ನಡೆದೀತು.